ನಾನು ಬೆಳೆದ ಗಣಿಯೂರು

ಗಣಿಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಕೋಲಾರ. ಭೂಗರ್ಭದಲ್ಲಿ ಮೂರು ಕಿಲೋಮೀಟರಿಗೂ ಮೀರಿ ಇಳಿದಿದ್ದ ಆ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತೆಂಬುದನ್ನು ಎಲ್ಲರೂ ಬಲ್ಲರು. ಅದಾದ ಐದು ವರ್ಷದೊಳಗೆ ನಮ್ಮ ನಾಡಿನಲ್ಲಿ ಇನ್ನೊಂದು ಗಣಿಯೂರೂ ಮುಚ್ಚಿತು. ಅದರ ಹೆಸರು ಕುದುರೆಮುಖ. ಇಂದಿನ ತರುಣರಿಗೆ ಈ ಹೆಸರು ಬೆಟ್ಟ ಹತ್ತುವ ಹವ್ಯಾಸದಿಂದ ಪರಿಚಿತವೇ ಹೊರತು ಗಣಿಯಿಂದಲ್ಲ. "ಸರ್, ಅಲ್ಲಿ ಊರೂ ಇತ್ತೇ?" ಎಂದು ಕಳೆದ ವರ್ಷ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇತ್ತು, ನಾನು ಹುಟ್ಟಿ ಹದಿನಾರು ವರ್ಷ ಬೆಳೆದುದು ಅಲ್ಲಿಯೇ. ಆ ಪ್ರಶ್ನೆಗೆ ಗಂಟೆ ಬಾರಿಸುವುದರೊಳಗೆ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಸಂಪಾದಕ ಮಿತ್ರರು ಈ ಸಂಚಿಕೆಗೆ ಲೇಖನವನ್ನು ಬೇಡಿದಾಗ ಆ ಉತ್ತರವನ್ನೇ ಬರೆದು ಕೊಡೋಣವೆಂದುಕೊಂಡೆನು.

ಕುದುರೆಮುಖವು ಚಿಕ್ಕಮಗಳೂರು ಜಿಲ್ಲೆಯ ನೈರುತ್ಯದ ಅಂಚಿನಲ್ಲಿ, ದಕ್ಷಿಣ ಕನ್ನಡದ ನೆತ್ತಿಯ ಮೇಲೆ ಕುಳಿತಿರುವ ಪರ್ವತಶ್ರೇಣಿ. ಅದರ ಶಿಖರದ ಎತ್ತರ 1,890 ಮೀಟರಿಗೂ ಸ್ವಲ್ಪ ಹೆಚ್ಚು. ಒಂದು ಮಗ್ಗುಲಿನಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂದಿತು. ಅರಬ್ಬೀ ಸಮುದ್ರದಲ್ಲಿ ಹಡಗು ನಡೆಸುತ್ತಿದ್ದವರು ಈ ಶಿಖರವನ್ನು ದಾರಿಯ ಗುರುತಾಗಿ ಇಟ್ಟುಕೊಂಡಿದ್ದರಂತೆ. ಕಾರವಾರದ ಓದುಗರಿಗೆ ಈ ಮಾತು ರುಚಿಸಬಹುದು. ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳ ಮೂಲವಾದ ಗಂಗಾಮೂಲವೂ ಈ ಶ್ರೇಣಿಯಲ್ಲಿಯೇ ಇದೆ. ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು, ಅದರ ಮೇಲೆ ಬೋಳು ಹುಲ್ಲುಗುಡ್ಡಗಳು. ಸಿಂಗಳೀಕವೆಂಬ ಅಪರೂಪದ ಕಪ್ಪುಕೋತಿಯ ನೆಲೆಯದು.

ಈ ಹುಲ್ಲಿನಡಿಯಲ್ಲಿ ಕಬ್ಬಿಣವಿದೆಯೆಂಬುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಕಂಡುಹಿಡಿದಿದ್ದರು. ಆದರೂ ಆರು ದಶಕಗಳ ಕಾಲ ಅದನ್ನು ಯಾರೂ ಮುಟ್ಟಲಿಲ್ಲ. ಕಾರಣ ಸರಳ: ಅದಿರು ಬಡದು. ಬಳ್ಳಾರಿ, ಸಂಡೂರುಗಳ ಅದಿರಿನಲ್ಲಿ ನೂರಕ್ಕೆ ಅರವತ್ತರಷ್ಟು ಕಬ್ಬಿಣವಿದ್ದರೆ ಇಲ್ಲಿಯದರಲ್ಲಿ ನಲ್ವತ್ತೂ ಇಲ್ಲ. ಜೊತೆಗೆ ರಸ್ತೆಯಿಲ್ಲ, ರೈಲಿಲ್ಲ, ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ. ಅಂಥ ಅದಿರನ್ನು ತೆಗೆಯಬೇಕಾದರೆ ಅಪಾರ ಹಣ ಬೇಕು. ಆ ಹಣ ಬಂದುದು ಇರಾನ್ ದೇಶದಿಂದ. ತೈಲದಿಂದ ಶ್ರೀಮಂತನಾಗಿದ್ದ ಅಲ್ಲಿಯ ಶಹನಿಗೆ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಾಗಿದ್ದಿತು. 1975ರಲ್ಲಿ ಒಪ್ಪಂದವಾಯಿತು, 63 ಕೋಟಿ ಡಾಲರು ಸಾಲ ಕೊಡುವುದಾಗಿ ಇರಾನ್ ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ನಾಲ್ಕೇ ವರ್ಷಗಳಲ್ಲಿ ಗಣಿ, ಯಂತ್ರಾಗಾರ, ಕೊಳವೆಮಾರ್ಗ, ಊರು ಎಲ್ಲವೂ ಎದ್ದು ನಿಂತವು. ಅಷ್ಟರಲ್ಲಿ, ಎಂದರೆ 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಶಹನು ದೇಶ ಬಿಟ್ಟು ಹೋದನು. ಸಾಲದ ಕಂತೂ ನಿಂತಿತು, ಗಿರಾಕಿಯೂ ಹೋದನು. ಉಳಿದ ವೆಚ್ಚವನ್ನು ನಮ್ಮ ಸರಕಾರವೇ ಭರಿಸಿತು. ಇರಾನಿಗಾಗಿ ಕಟ್ಟಿದ ಗಣಿಯ ಅದಿರನ್ನು ಬೇರೆ ಬೇರೆ ದೇಶಗಳಿಗೆ ಮಾರಬೇಕಾಯಿತು. ದೂರದ ಒಂದು ರಾಜಧಾನಿಯಲ್ಲಿ ಸಿಂಹಾಸನ ಉರುಳಿದುದರ ಸದ್ದು ಮಲೆನಾಡಿನ ಒಂದು ಕಣಿವೆಯಲ್ಲಿ ಕೇಳಿಸಿತೆಂಬುದು ಇತಿಹಾಸದ ವಿದ್ಯಾರ್ಥಿಗಳು ನೆನಪಿಡತಕ್ಕ ಸಂಗತಿ.

ಇನ್ನು ಗಣಿಯ ಕೆಲಸವನ್ನು ಹೇಳುತ್ತೇನೆ. ಇದು ಸುರಂಗದ ಗಣಿಯಲ್ಲ. ಗುಡ್ಡವನ್ನು ಮೇಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಸುವ ತೆರೆದ ಗಣಿ. ದೂರದಿಂದ ನೋಡಿದರೆ ಹಸಿರು ಬೆಟ್ಟಗಳ ನಡುವೆ ಒಂದು ಬೆಟ್ಟ ಮಾತ್ರ ಕೆಂಪು ಮೆಟ್ಟಿಲುಗಳ ದೊಡ್ಡ ಪುಷ್ಕರಣಿಯಂತೆ ಕಾಣುತ್ತಿದ್ದಿತು. ಕಡಿದ ಅದಿರನ್ನು, ಆಳೆತ್ತರವನ್ನೂ ಮೀರಿಸುವ ಚಕ್ರಗಳ ಡಂಪರುಗಳು ಯಂತ್ರಾಗಾರಕ್ಕೆ ಹೊತ್ತು ತರುತ್ತಿದ್ದವು. ಅಲ್ಲಿ ಅದನ್ನು ಒಡೆದು, ಉರುಳುವ ಭಾರಿ ಪೀಪಾಯಿಗಳಲ್ಲಿ ನೀರಿನೊಡನೆ ಅರೆದು ಹಿಟ್ಟು ಮಾಡುತ್ತಿದ್ದರು. ನಮ್ಮ ತಾಯಂದಿರು ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರ್ಪಡಿಸುವುದನ್ನು ನೋಡಿದ್ದೀರಷ್ಟೆ? ಹಗುರವಾದುದು ನೀರಿನೊಡನೆ ಸಾಗುತ್ತದೆ, ಭಾರವಾದುದು ತಳದಲ್ಲಿ ನಿಲ್ಲುತ್ತದೆ. ಅದೇ ತತ್ತ್ವದಿಂದ ಸುರುಳಿಯಾಕಾರದ ತೊಟ್ಟಿಗಳಲ್ಲಿ ಕಬ್ಬಿಣದ ಹುಡಿಯೂ ಮರಳೂ ಬೇರೆಯಾಗುತ್ತಿದ್ದವು. ಅಲ್ಲದೆ ನಮ್ಮ ಅದಿರಿನ ಒಂದು ಭಾಗ ಮ್ಯಾಗ್ನೆಟೈಟ್. ಅದು ಅಯಸ್ಕಾಂತಕ್ಕೆ ಅಂಟುವ ಜಾತಿಯದು. ಆದ್ದರಿಂದ ಅಯಸ್ಕಾಂತದ ಉರುಳೆಗಳಿಂದಲೂ ಅದನ್ನು ಹೆಕ್ಕುತ್ತಿದ್ದರು. ಕೊನೆಗೆ ದೊರೆತ ಕಪ್ಪು ಸಾರದಲ್ಲಿ ನೂರಕ್ಕೆ ಸುಮಾರು 67 ಪಾಲು ಕಬ್ಬಿಣ.

ಈ ಅಯಸ್ಕಾಂತದ ವಿಷಯವನ್ನು ನಾವು ಪಾಠದಿಂದ ಕಲಿತದ್ದಲ್ಲ. ಕೆಟ್ಟ ರೇಡಿಯೋದ ಧ್ವನಿವರ್ಧಕವನ್ನು ಒಡೆದರೆ ಒಳಗೆ ಬಳೆಯಂಥ ಅಯಸ್ಕಾಂತ ಸಿಗುತ್ತದೆ. ಅದಕ್ಕೆ ದಾರ ಕಟ್ಟಿ ರಸ್ತೆಯ ಬದಿಯ ಮಣ್ಣಿನಲ್ಲಿ ಎಳೆದುಕೊಂಡು ಹೋದರೆ ಹತ್ತು ಹೆಜ್ಜೆಯಲ್ಲಿ ಅದಕ್ಕೆ ಕರಿಯ ಗಡ್ಡ ಬೆಳೆಯುತ್ತಿದ್ದಿತು. ಯಾರ ಅಯಸ್ಕಾಂತದ ಗಡ್ಡ ದೊಡ್ಡದೆಂದು ಪಂಥ. ಬೇರೆ ಊರುಗಳ ಮಕ್ಕಳಿಗೆ ಈ ಆಟ ತಿಳಿಯದೆಂಬುದು, ಬಯಲುಸೀಮೆಯ ಅಜ್ಜನ ಮನೆಗೆ ಹೋಗಿ ಅಲ್ಲಿಯ ಬೀದಿಯಲ್ಲಿ ದಾರವನ್ನು ಎಳೆದಾಗ ನನಗೆ ಗೊತ್ತಾಯಿತು. ಅಲ್ಲಿ ಎಷ್ಟು ಎಳೆದರೂ ಒಂದಿಷ್ಟು ಹುಡಿ ಮಾತ್ರ.

ಸಾರವನ್ನು ಸಮುದ್ರಕ್ಕೆ ಮುಟ್ಟಿಸಿದ ಬಗೆ ಇನ್ನೂ ಸೋಜಿಗದ್ದು. ರೈಲಿಲ್ಲವಷ್ಟೆ? ಕಪ್ಪು ಹುಡಿಯನ್ನು ನೀರಿನಲ್ಲಿ ಕಲಸಿ, ಮಜ್ಜಿಗೆಯ ಹದದಲ್ಲಿ, 67 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಅಲ್ಲಿ ನೀರನ್ನು ಸೋಸಿ ಹಡಗಿಗೆ ತುಂಬುತ್ತಿದ್ದರು; 1987ರಿಂದ ಮುಂದೆ ಅದರಿಂದ ಉಂಡೆಗಳನ್ನೂ ತಯಾರಿಸಿದರು. ವರ್ಷಕ್ಕೆ 75 ಲಕ್ಷ ಟನ್ನು ಸಾರವನ್ನು ತೆಗೆಯತಕ್ಕ ಯಂತ್ರಾಗಾರವದು. ಆದರೆ ಕಾರ್ಕಳದ ರಸ್ತೆಯಲ್ಲಿ ಬಂದ ಪ್ರವಾಸಿಗೆ ಒಂದು ಅದಿರಿನ ಲಾರಿಯೂ ಎದುರಾಗುತ್ತಿರಲಿಲ್ಲ. ಅಷ್ಟೊಂದು ಸಂಪತ್ತು ನೆಲದಡಿಯ ಕೊಳವೆಯಲ್ಲಿ ಸದ್ದಿಲ್ಲದೆ ಹರಿದು ಹೋಗುತ್ತಿದ್ದಿತು.

ಸಾರ ಹೋಯಿತು, ಉಳಿದ ಮರಳು ಎಲ್ಲಿ ಹೋಗಬೇಕು? ಅಗೆದುದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಬೇಡವಾದುದೇ. ಅದಕ್ಕಾಗಿ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಸುಮಾರು ನೂರು ಮೀಟರು ಎತ್ತರದ ಮಣ್ಣಿನ ಅಣೆಕಟ್ಟೆಯನ್ನು ಕಟ್ಟಿ, ಆ ಕಣಿವೆಯನ್ನೇ ಹೂಳಿನ ತೊಟ್ಟಿಯನ್ನಾಗಿ ಮಾಡಿದರು. ಭಾನುವಾರ ಅದರ ದಂಡೆಗೆ ಕಂಪನಿಯ ನೌಕರರು ಸಂಸಾರಸಹಿತರಾಗಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಅದು ಕಸದ ತೊಟ್ಟಿಯೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವು ಅದನ್ನು ಕೆರೆಯೆಂದೇ ಕರೆಯುತ್ತಿದ್ದೆವು.

ಊರಿನ ಮೂಲ ಹೆಸರು ಮಲ್ಲೇಶ್ವರ. ಆದರೆ ನಾವು ಕಂಡುದು ಕಂಪನಿಯ ಊರನ್ನು. ಮನೆ ಕಂಪನಿಯದು, ನೀರು ಕಂಪನಿಯದು, ವಿದ್ಯುತ್ತು, ಆಸ್ಪತ್ರೆ, ಆಟದ ಬಯಲು, ಪಾಳಿಯ ಬಸ್ಸು ಎಲ್ಲವೂ ಅದರವೇ. ಒಂದೇ ಅಚ್ಚಿನ ಮನೆಗಳು ಸಾಲು ಸಾಲಾಗಿ ಇದ್ದವು. ತಂದೆಯ ಹುದ್ದೆ ಏನೆಂಬುದು ಮನೆಯ ಸಂಖ್ಯೆಯಿಂದಲೇ ತಿಳಿಯುತ್ತಿದ್ದಿತು. ನಮ್ಮ ತಂದೆಯವರು ಯಂತ್ರಾಗಾರದಲ್ಲಿ ವಿದ್ಯುತ್ ಕೆಲಸಗಾರರು. ಎಡಮನೆಯವರು ಕೇರಳದವರು, ಬಲಮನೆಯವರು ಗುಲಬರ್ಗಾ ಕಡೆಯವರು, ಎದುರಿಗೆ ಕಾರ್ಕಳದ ತುಳುವರು. ನಮ್ಮ ಸಾಲಿನ ಮಕ್ಕಳು ಆಟದಲ್ಲಿ ಆಡುತ್ತಿದ್ದ ಕನ್ನಡವನ್ನು ವ್ಯಾಕರಣ ಪಂಡಿತರು ಕೇಳಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು.

ಮಳೆಯನ್ನು ಕುರಿತು ಬರೆಯಹೊರಟರೆ ಸಂಪಾದಕರು ಕೊಟ್ಟ ಪುಟಗಳು ಸಾಲವು. ಜೂನ್ ಮೊದಲ ವಾರ ಶುರುವಾದರೆ ಸೆಪ್ಟೆಂಬರಿನವರೆಗೆ ಸೂರ್ಯನನ್ನು ಕ್ಯಾಲೆಂಡರಿನ ಚಿತ್ರದಲ್ಲಿ ನೋಡಬೇಕು. ಶಾಲೆಯ ಅಂಗಿ ಒಣಗುವುದಿಲ್ಲ. ಕೆಂಡದ ಬಾಣಲೆಯ ಮೇಲೆ ಬುಟ್ಟಿಯನ್ನು ಕವುಚಿ ಅದರ ಮೇಲೆ ಹರಡಬೇಕು. ಆ ಹೊಗೆಯ ವಾಸನೆಯನ್ನು ಹೊತ್ತುಕೊಂಡೇ ಇಡೀ ತರಗತಿ ಕುಳಿತಿರುತ್ತಿದ್ದಿತು. ಮನೆಗೆ ಬಂದು ಕಾಲುಚೀಲ ಕಳಚಿದರೆ ಉಂಬಳಗಳು ರಕ್ತ ಕುಡಿದು ದ್ರಾಕ್ಷಿಯಂತಾಗಿರುತ್ತಿದ್ದವು. ಕಾರವಾರದ ಮಳೆಯನ್ನು ಕಂಡು ನಮ್ಮ ಬಯಲುಸೀಮೆಯ ಅಧ್ಯಾಪಕ ಮಿತ್ರರು ಗಾಬರಿಯಾಗುವುದುಂಟು. ನನಗೆ ಅದು ಹಳೆಯ ಮಳೆಯ ತಮ್ಮನಂತೆ ತೋರುತ್ತದೆ.

ಆ ಊರಿನ ಒಂದು ಕೊರತೆ ನನಗೆ ಹೊಳೆದುದು ಬಹಳ ತಡವಾಗಿ. ಅಲ್ಲಿ ಮುದುಕರಿರಲಿಲ್ಲ. ನಿವೃತ್ತಿಯಾದ ನೌಕರನು ಮನೆಯನ್ನು ಬಿಟ್ಟುಕೊಡಬೇಕು. ಆದ್ದರಿಂದ ತಲೆ ನರೆತವರು ಲಾರಿಗೆ ಸಾಮಾನು ಏರಿಸಿ ಹೊರಟುಬಿಡುತ್ತಿದ್ದರು. ಅಜ್ಜ ಅಜ್ಜಿಯರೆಂದರೆ ಬೇಸಗೆಯ ರಜೆಯಲ್ಲಿ ಬಸ್ಸು ಹತ್ತಿ ಹೋಗಿ ನೋಡಿಬರತಕ್ಕವರು. ನಮ್ಮ ಬೀದಿಯಲ್ಲಿ ಯಾರ ತಾತನೂ ನೆಟ್ಟ ಮರವಿರಲಿಲ್ಲ, ಯಾರ ಸಮಾಧಿಯೂ ಇರಲಿಲ್ಲ. ಊರಿಗೆ ನನಗಿಂತ ಹತ್ತು ವರ್ಷವಷ್ಟೆ ಹೆಚ್ಚು ವಯಸ್ಸು. ಆದರೂ ಮಕ್ಕಳಾದ ನಮಗೆ ಅದು ಅನಾದಿಕಾಲದಿಂದ ಇದ್ದ ಊರೇ.

ಈಗ ಕಠಿಣವಾದ ಭಾಗಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಭದ್ರೆಯ ನೀರು ಗಣಿಯ ಮೇಲಿನ ಕಣಿವೆಗಳಲ್ಲಿ ಒಂದು ಬಣ್ಣ, ಗಣಿಯ ಕೆಳಗೆ ಇನ್ನೊಂದು ಬಣ್ಣ. ಕಡಿದ ಗುಡ್ಡದ ಮಣ್ಣು ತೊಳೆದುಹೋಗಿ ಹೊಳೆ ಕೆಂಪಗಾಗುತ್ತಿದ್ದಿತು. ಕೆಳಗಿನ ತೋಟದವರು, ಗದ್ದೆಯವರು ಆ ನೀರನ್ನೇ ನಂಬಿದವರು. ಇನ್ನೂ ಕೆಳಗೆ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಜಲಾನಯನ ಪ್ರದೇಶದಲ್ಲಿ ಗಣಿಯ ಭಾಗ ಅತ್ಯಲ್ಪ. ಆದರೆ ನದಿ ಹೊತ್ತ ಹೂಳಿನಲ್ಲಿ ಅದರ ಪಾಲು ಅತ್ಯಧಿಕವೆಂಬುದನ್ನು ವಿಜ್ಞಾನಿಗಳು ಅಳೆದು ತೋರಿಸಿದರು. 1987ರಲ್ಲಿ ಈ ಕಾಡನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಉದ್ದೇಶವನ್ನು ಸರಕಾರ ಘೋಷಿಸಿದ್ದಿತು. 2001ರಲ್ಲಿ ಅದು ಅಂತಿಮವಾಯಿತು. ಗಣಿಯ ಮೂವತ್ತು ವರ್ಷದ ಗುತ್ತಿಗೆಯಾದರೋ 1999ರಲ್ಲಿಯೇ ತೀರಿದ್ದಿತು. ಪರಿಸರದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕು.

ಆ ಮೂರು ವರ್ಷ ನಮ್ಮ ಊರು ದಿನ ಗೊತ್ತಾದ ರೋಗಿಯಂತೆ ಬದುಕಿತು. ಗಣಿ ಮೊದಲಿನಂತೆ ನಡೆಯುತ್ತಿದ್ದಿತು, ಪಾಳಿಯ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿದ್ದಿತು. ಆದರೆ ಯಾರೂ ಹೊಸ ಬೀರು ಕೊಳ್ಳಲಿಲ್ಲ, ಯಾರೂ ಹಿತ್ತಲಲ್ಲಿ ತೆಂಗಿನ ಸಸಿ ನೆಡಲಿಲ್ಲ. ಮನೆಮನೆಯಲ್ಲಿ ಒಂದೇ ಚರ್ಚೆ. ಒಂದು ರಾತ್ರಿ ಪಕ್ಕದ ಮನೆಯವರು ಬಂದು ಪರಿಸರದವರನ್ನು ಬಾಯಿಗೆ ಬಂದಂತೆ ಬೈದರು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಹೊಳೆ ಕೆಂಪಾಗಿದ್ದು ಸುಳ್ಳಲ್ಲ ಮಾರಾಯರೆ. ಆದರೆ ನನಗೆ ಬೇರೆ ಕೆಲಸ ಬರೋದಿಲ್ಲ" ಎಂದರು. ಈ ವಿಷಯವಾಗಿ ಆ ಮೇಲೆ ನಾನು ಹಲವು ವರದಿಗಳನ್ನು ಓದಿದ್ದೇನೆ. ಅವರ ಆ ಎರಡು ವಾಕ್ಯಗಳಲ್ಲಿ ಇದ್ದುದಕ್ಕಿಂತ ಹೆಚ್ಚಿನ ಸತ್ಯ ಯಾವುದರಲ್ಲಿಯೂ ನನಗೆ ಸಿಕ್ಕಿಲ್ಲ.

ನ್ಯಾಯಾಲಯದ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಮೂರು ನದಿಗಳ ತಲೆಯ ಮೇಲೆ ಕುಳಿತು ಗುಡ್ಡ ಕಡಿಯುವುದು ಎಂದಿಗೂ ಸಲ್ಲದು. ಇದನ್ನು ಹೇಳುವಾಗಲೆಲ್ಲ ನನ್ನ ಶಾಲೆಯ ಪುಸ್ತಕ, ನನ್ನ ಬೂಟು, ನನ್ನ ಅನ್ನ ಆ ಗುಡ್ಡದಿಂದಲೇ ಬಂದುದೆಂಬುದೂ ಜೊತೆಗೇ ನೆನಪಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಗಣಿ ಬರುವುದಕ್ಕೆ ಎಷ್ಟೋ ಮುಂಚಿನಿಂದ ಆ ಕಾಡಿನಲ್ಲಿದ್ದ ಮಲೆಕುಡಿಯರು ಮೊದಲಾದವರಿಗೆ ರಾಷ್ಟ್ರೀಯ ಉದ್ಯಾನವೂ ಒಕ್ಕಲೆಬ್ಬಿಸುವ ಭೀತಿಯನ್ನೇ ತಂದಿತು. ಗಣಿ ಮುಚ್ಚಿದುದರಿಂದ ಅವರ ಕಷ್ಟವೇನೂ ಮುಗಿಯಲಿಲ್ಲ.

2005ರ ಡಿಸೆಂಬರ್ 31ರಂದು ಗಣಿ ನಿಂತಿತು. ನಾನಾಗ ಹತ್ತನೆಯ ತರಗತಿ. ಆ ಕಡೆಯ ದಿನಕ್ಕಿಂತಲೂ ಅದರ ಮುಂದಿನ ಬೇಸಗೆ ನನಗೆ ಹೆಚ್ಚು ನೆನಪಿದೆ. ದಿನಕ್ಕೆ ಎರಡು ಮೂರು ಲಾರಿ ಸಾಮಾನು ಹೊರಡುತ್ತಿದ್ದವು. ಕೆಲವರು ಮಂಗಳೂರಿಗೆ ವರ್ಗವಾದರು, ಕೆಲವರು ಸ್ವಯಂನಿವೃತ್ತಿ ಪಡೆದು ತಂತಮ್ಮ ಮೂಲ ಊರುಗಳಿಗೆ ಹೋದರು. ಸಂಜೆ ದೀಪ ಹತ್ತುವ ಮನೆಗಳನ್ನು ನಾನೂ ತಂಗಿಯೂ ಎಣಿಸುತ್ತಿದ್ದೆವು. ನಮ್ಮ ಸಾಲಿನ ಹನ್ನೆರಡು ಮನೆಗಳಲ್ಲಿ ಏಳು, ಆಮೇಲೆ ನಾಲ್ಕು. ಎಣಿಸುವ ಆಟವನ್ನು ತಂಗಿಯೇ ನಿಲ್ಲಿಸಿದಳು. ತಂದೆಯವರು ಸ್ವಯಂನಿವೃತ್ತಿ ಪಡೆದು ಕಡೂರಿಗೆ ಹಿಂದಿರುಗಿ ಮೋಟಾರು ರಿಪೇರಿಯ ಅಂಗಡಿ ಇಟ್ಟರು. ಹೊಲದ ಪಂಪುಗಳ ಮೋಟಾರು ಕಟ್ಟಲು ಅವರಿಗೆ ಎರಡೇ ತಿಂಗಳಲ್ಲಿ ಬಂದಿತು. ಬೇರೆ ಕೆಲಸ ಬಾರದೆಂದುದು ಅಷ್ಟರಮಟ್ಟಿಗೆ ಸುಳ್ಳಾಯಿತು. ಅಂಗಡಿಯ ಗಡಿಯಾರದಲ್ಲಿ ಪಾಳಿ ಬದಲಾಗುವ ಹೊತ್ತಾದರೆ ಮಾತ್ರ, ಎಷ್ಟೋ ವರ್ಷ, ಅವರು ಕೈಯೊರಸಿಕೊಂಡು ಎದ್ದು ನಿಲ್ಲುತ್ತಿದ್ದರು.

ನಾನು ಈ ಕಾಲೇಜಿಗೆ ಬಂದ ಮೇಲೆ ಅಮದಳ್ಳಿಯಲ್ಲಿ ಮನೆ ಹಿಡಿದೆನು. ವೀರಗಣಪತಿಯ ದೇವಾಲಯದಿಂದ ಪ್ರಸಿದ್ಧವಾದ ಆ ಊರನ್ನು ಇಲ್ಲಿಯ ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ. ಆದರೆ ಊರು ಕಳೆದುಕೊಳ್ಳುವುದೆಂದರೇನು ಎಂಬುದನ್ನು ನಾನು ಮತ್ತೆ ಯೋಚಿಸತೊಡಗಿದುದು ಅಲ್ಲಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದು, ಕಾರವಾರ ಅಂಕೋಲೆಗಳ ನಡುವಣ ಕರಾವಳಿಯ ಹದಿಮೂರು ಊರುಗಳು ಅದಕ್ಕೆ ಭೂಮಿಯನ್ನು ಬಿಟ್ಟುಕೊಟ್ಟವು. ನಾಲ್ಕು ಸಾವಿರದಷ್ಟು ಸಂಸಾರಗಳು ಎದ್ದವು. ಅವರಲ್ಲಿ ಕೆಲವರು ಅಮದಳ್ಳಿಯ ನಿರಾಶ್ರಿತರ ಕಾಲನಿಗೂ ಬಂದರು. ಅರ್ಗಾದಲ್ಲಿ ಕದಂಬ ನೌಕಾನೆಲೆ ಉದ್ಘಾಟನೆಯಾದುದು 2005ರ ಮೇ ತಿಂಗಳಲ್ಲಿ. ನಮ್ಮ ಗಣಿಗೆ ಬೀಗ ಬಿದ್ದುದೂ ಅದೇ ವರ್ಷವಷ್ಟೆ.

ಕಾಲನಿಯ ಹಿರಿಯರೊಬ್ಬರು ಸಂಜೆ ನಮ್ಮ ಜಗಲಿಗೆ ಬಂದು ಕೂರುವುದುಂಟು. ನನ್ನ ಊರಿನ ಕಥೆಯನ್ನು ಕೇಳಿ ಅವರು ಮೊದಲು ಕೇಳಿದ ಪ್ರಶ್ನೆ: "ಮಾಸ್ತರ್ರೆ, ಈಗ ನಿಮ್ಮೂರಿಗೆ ಹೋಗೂಕೆ ಬಿಡ್ತ್ರಾ?" ಬಿಡುತ್ತಾರೆ, ಬಸ್ಸು ಸಹ ಇದೆ ಎಂದೆ. ಅವರು ತಲೆಯಾಡಿಸಿ, "ಹಂಗಾರೆ ನೀವೇ ಅಡ್ಡಿಲ್ಲ" ಎಂದರು. ಅವರ ಊರಿನ ಗುಡ್ಡ ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಗುಡ್ಡಕ್ಕೂ ಅವರಿಗೂ ನಡುವೆ ಗೋಡೆಯಿದೆ. ಆದರೆ ಒಂದು ವಿಷಯದಲ್ಲಿ ಅವರು ನನಗಿಂತ ಭಾಗ್ಯವಂತರೆಂದು ನನಗೆ ತೋರುತ್ತದೆ. ಅವರ ಊರಿನ ಜನ ಇನ್ನೂ ಅವರ ಕೂಗಳತೆಯಲ್ಲಿದ್ದಾರೆ. ಮದುವೆಗೆ, ಸಾವಿಗೆ, ದೇವಕಾರ್ಯಕ್ಕೆ ಅದೇ ಮುಖಗಳು ಸೇರುತ್ತವೆ. ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದಾಗಲೂ ಒಟ್ಟಾಗಿಯೇ ಅಲೆದರು. ಅವರದು ಊರಿಲ್ಲದ ಜನ, ನಮ್ಮದು ಜನರಿಲ್ಲದ ಊರು. ನಮ್ಮ ಎಡಮನೆಯವರು ಕೇರಳದ ಯಾವ ಜಿಲ್ಲೆಯಲ್ಲಿದ್ದಾರೆಂಬುದೂ ನನಗೆ ಗೊತ್ತಿಲ್ಲ.

ಈ ಭಾಗದವರಿಗೆ ಅದಿರೇನೂ ಹೊಸದಲ್ಲ. ಅಮದಳ್ಳಿಯಿಂದ ಬೇಲೇಕೇರಿ ದೂರವಿಲ್ಲ. ಸಂಡೂರು ಹೊಸಪೇಟೆಗಳ ಅದಿರು ಲಾರಿಗಳಲ್ಲಿ ಅರಬೈಲು ಘಟ್ಟ ಇಳಿದು ಬಂದು ಬೇಲೇಕೇರಿ ಬಂದರಿನಿಂದ ಹಡಗೇರಿದ ಕಥೆ, 2010ರಲ್ಲಿ ಅಲ್ಲಿ ಜಪ್ತಿಯಾಗಿದ್ದ ಅದಿರೇ ಲಕ್ಷಗಟ್ಟಲೆ ಟನ್ನು ಕಾಣೆಯಾದ ಕಥೆ ಅಂಕೋಲೆಯ ಮಕ್ಕಳಿಗೂ ಬಾಯಿಪಾಠ. ನಕಾಶೆಯನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ: ನಮ್ಮ ಗಣಿಯ ಕೆಂಪು ನೀರನ್ನು ಹೊತ್ತ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗಿ ಹೊಸಪೇಟೆಯ ಮಗ್ಗುಲಲ್ಲಿಯೇ ಹರಿಯುತ್ತದೆ. ಹೊಳೆಯ ತಲೆಯಲ್ಲಿ ಒಂದು ಗಣಿ, ನಡುವಿನಲ್ಲಿ ಇನ್ನೊಂದು.

ಕೆಲವು ವರ್ಷಗಳ ಕೆಳಗೆ ತಂಗಿಯೊಡನೆ ಕುದುರೆಮುಖಕ್ಕೆ ಹೋಗಿದ್ದೆನು. ಊರು ಪೂರ್ತಿ ಬರಿದಾಗಿಲ್ಲ. ಅಲ್ಲಲ್ಲಿ ಮನೆಗಳಲ್ಲಿ ಜನರಿದ್ದಾರೆ. ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಹಾವಸೆ ಹತ್ತಿ, ಅಡುಗೆಮನೆಯ ಕಿಟಕಿಯಿಂದ ಒಂದು ಬಳ್ಳಿ ಒಳಹೊಕ್ಕು ಬಾಗಿಲಿನಿಂದ ಹೊರಬಂದಿದ್ದಿತು. ತಂಗಿ ಅಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಹೊಳೆಯನ್ನು ನೋಡೋಣವೆಂದಳು. ಹೋದೆವು. ಮಳೆಗಾಲವಿನ್ನೂ ಮುಗಿದಿರಲಿಲ್ಲ, ಆದರೂ ನೀರಿನ ತಳದ ಕಲ್ಲುಗಳು ಕಾಣುತ್ತಿದ್ದವು. ಬಾಲ್ಯದಲ್ಲಿ ಆ ಕಲ್ಲುಗಳನ್ನು ಆ ತಿಂಗಳಿನಲ್ಲಿ ನಾವು ಎಂದೂ ನೋಡಿರಲಿಲ್ಲ.

ಗಣಿ ನಿಂತ ಮೇಲೆ ಪಣಂಬೂರಿನ ಕಾರ್ಖಾನೆ ಛತ್ತೀಸಗಢದ ಬೈಲಾಡಿಲದಿಂದ ಅದಿರು ತರಿಸಿಕೊಂಡು ಉಂಡೆ ಕಟ್ಟಿತು. ಕೊಳವೆಯಲ್ಲಿ ತಾನಾಗಿ ಇಳಿದು ಬರುತ್ತಿದ್ದ ಕಬ್ಬಿಣದ ಬದಲು ದೇಶದ ಇನ್ನೊಂದು ಮಗ್ಗುಲಿನ ಕಬ್ಬಿಣ ಸಮುದ್ರ ಸುತ್ತಿ ಬಂದಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದರೋ 2012ರಲ್ಲಿ ಪಶ್ಚಿಮಘಟ್ಟದ ಇತರ ತಾಣಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೆಂಪು ಮೆಟ್ಟಿಲುಗಳ ಮೇಲೆ ಹುಲ್ಲು ಹತ್ತುತ್ತಿದೆ. ಲಕ್ಯಾ ಅಣೆಕಟ್ಟೆ ಮಾತ್ರ ಹಾಗೆ ಕಾಡಿಗೆ ಬಿಟ್ಟುಬಿಡತಕ್ಕದ್ದಲ್ಲ. ಅದರ ಹಿಂದೆ ಇಪ್ಪತ್ತೈದು ವರ್ಷಗಳ ಹೂಳು ನಿಂತಿದೆ. ಪ್ರತಿ ಮಳೆಗಾಲದಲ್ಲಿಯೂ ಅದರ ಕೋಡಿಯನ್ನು, ಕಟ್ಟೆಯನ್ನು ಯಾರಾದರೂ ಹೋಗಿ ನೋಡಲೇಬೇಕು.